ಚಿಲ್ಲರೆಯಲ್ಲಿ ಸಿಕ್ಕ ವಿಚಿತ್ರ ನಾಣ್ಯ: ಟಂಕಸಾಲೆಯ ದೋಷವೋ, ಹೊರಗೆ ಆದ ಹಾನಿಯೋ?

ಚಿಲ್ಲರೆಸಂಚಿ:

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ನಾಣ್ಯದ ರೋಲ್‌ಗಳನ್ನು ತಂದು, ಒಂದೊಂದೇ ನಾಣ್ಯವನ್ನು ಪರೀಕ್ಷಿಸಿ, ಟಂಕಸಾಲೆಯಲ್ಲಿ ದೋಷದೊಂದಿಗೇ ಹುಟ್ಟಿದವನ್ನು ಹುಡುಕುವ ಹವ್ಯಾಸಕ್ಕೆ ನಾನು ಹೊಸಬ. ಸದ್ಯಕ್ಕೆ ಅಮೆರಿಕದ ಒಂದು ಸೆಂಟ್ ನಾಣ್ಯಗಳನ್ನಷ್ಟೇ ನೋಡುತ್ತಿದ್ದೇನೆ. 1999ರ ಒಂದು ಸೆಂಟ್‌ನಲ್ಲಿ ಇಸವಿಯ ಅಂಕಿಗಳ ಮಗ್ಗುಲಿಗೆ ನೆರಳಿನಂತೆ ಇನ್ನೊಂದು ಗೆರೆ ಕಾಣಿಸುತ್ತಿದೆ. ಇಂಥ ನಾಣ್ಯಕ್ಕೆ ಸಾವಿರಾರು ಡಾಲರ್ ಬರುತ್ತದೆಂದು ಹೇಳುವ ವಿಡಿಯೋಗಳಿಗೆ ಲೆಕ್ಕವಿಲ್ಲ. ಆದರೆ ಆ ಜೋಡಿ ಗೆರೆ ಹೇಗೆ ಮೂಡಿತು ಎಂಬುದನ್ನು ನಾನು ನೋಡಿದ ಯಾವ ವಿಡಿಯೋವೂ ವಿವರಿಸಲಿಲ್ಲ. ಇದು ಡಬಲ್ಡ್ ಡೈ ಎಂಬ ಅಚ್ಚಿನ ದೋಷ ಆಗಿರಬಹುದೇ? ರೋಲ್ ಬಿಚ್ಚಿದಾಗ ಯಾವುದನ್ನು ಎತ್ತಿಡಬೇಕು, ಯಾವುದನ್ನು ಹಿಂದಿರುಗಿಸಬೇಕು ಎಂದು ಅನುಭವಿಗಳು ಹೇಗೆ ತೀರ್ಮಾನಿಸುತ್ತೀರಿ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಅಚ್ಚುಮೊಳೆ:

ಚಿತ್ರ ನೋಡದೆ ತೀರ್ಪು ಕೊಡಲಾಗದು. ಆದರೂ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ: ನಾಣ್ಯ ತಯಾರಾಗುವ ವಿಧಾನದಲ್ಲಿ. ಲೋಹದ ಹಾಳೆಯಿಂದ ಬಿಲ್ಲೆಗಳನ್ನು ಕತ್ತರಿಸುತ್ತಾರೆ, ಅವುಗಳ ಅಂಚನ್ನು ಒತ್ತಿ ಉಬ್ಬಿಸುತ್ತಾರೆ, ಬಳಿಕ ಎರಡು ಅಚ್ಚುಗಳ ನಡುವೆ, ಸುತ್ತಲೂ ಕಾಲರ್ ಎಂಬ ಉಕ್ಕಿನ ಬಳೆಯೊಳಗೆ ಬಿಲ್ಲೆಯನ್ನು ಇಟ್ಟು ಹೊಡೆಯುತ್ತಾರೆ. ಬಿಲ್ಲೆ, ಅಚ್ಚು, ಹೊಡೆತ ಎಂಬ ಈ ಮೂರರಲ್ಲಿ ಯಾವುದು ತಪ್ಪಿದರೆ ನಿಮ್ಮ ಕೈಯಲ್ಲಿರುವ ರೂಪ ಬರುತ್ತದೆ ಎಂದು ಕೇಳಿಕೊಳ್ಳಿ. ಮೂರರಿಂದಲೂ ಅದನ್ನು ವಿವರಿಸಲು ಆಗದಿದ್ದರೆ ಅದು ಟಂಕಸಾಲೆಯಿಂದ ಹೊರಬಿದ್ದ ಮೇಲೆ ಆದ ಹಾನಿ ಎಂದೇ ಹಿಡಿಯಬೇಕು.

ಡಬಲ್ಡ್ ಡೈ ಎಂಬುದು ಅಚ್ಚಿನ ದೋಷ. ಉಬ್ಬು ಚಿತ್ರವುಳ್ಳ ಹಬ್ ಎಂಬ ಮೂಲ ಮುದ್ರೆಯನ್ನು ಉಕ್ಕಿನ ಮೇಲೆ ಒತ್ತಿ ಅಚ್ಚನ್ನು ಮಾಡುತ್ತಾರೆ. ಹಿಂದೆ ಒಂದೇ ಒತ್ತಿಗೆ ಚಿತ್ರ ಪೂರ್ತಿಯಾಗಿ ಇಳಿಯುತ್ತಿರಲಿಲ್ಲವಾದ್ದರಿಂದ ಉಕ್ಕನ್ನು ಕಾಯಿಸಿ ಮೆದುಗೊಳಿಸಿ ಮತ್ತೆ ಒತ್ತುತ್ತಿದ್ದರು; ಎರಡನೆಯ ಬಾರಿ ಕೂದಲೆಳೆಯಷ್ಟು ತಿರುಗಿದರೂ ಅಚ್ಚಿನಲ್ಲೇ ಎರಡು ಚಿತ್ರಗಳು ಕೂರುತ್ತಿದ್ದವು. ಆ ಅಚ್ಚಿನಿಂದ ಹೊರಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ದಿಕ್ಕಿನಲ್ಲಿ, ಅಷ್ಟೇ ಅಂತರದಲ್ಲಿ ಅಕ್ಷರಗಳು ಇಮ್ಮಡಿಯಾಗಿರುತ್ತವೆ. ಫಿಲಡೆಲ್ಫಿಯಾದಲ್ಲಿ ಅಚ್ಚಾದ 1955ರ ಸೆಂಟ್ ಇದರ ಪ್ರಸಿದ್ಧ ಉದಾಹರಣೆ. ಅದರಲ್ಲಿ ಇಸವಿಯೂ ಬರಹವೂ ಬರಿಗಣ್ಣಿಗೇ ಎರಡೆರಡಾಗಿ ಕಾಣುತ್ತವೆ. ದೋಷ ಗೊತ್ತಾಗುವಷ್ಟರಲ್ಲಿ ಅವು ಸರಿಯಾದ ನಾಣ್ಯಗಳ ರಾಶಿಯೊಂದಿಗೆ ಬೆರೆತುಹೋಗಿದ್ದವು. ಸುಮಾರು 20 ಸಾವಿರಕ್ಕೂ ಹೆಚ್ಚು ನಾಣ್ಯಗಳು ಹಾಗೆಯೇ ಚಲಾವಣೆಗೆ ಬಂದವೆಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಅಂದಾಜು.

ಇನ್ನು ನಿಮ್ಮ 1999ರ ನಾಣ್ಯ. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಟಂಕಸಾಲೆ ಒಂದೇ ಒತ್ತಿನಲ್ಲಿ ಅಚ್ಚು ಮಾಡುವ ವಿಧಾನಕ್ಕೆ ಬದಲಾಯಿತು. ಆಮೇಲೂ ಡಬಲ್ಡ್ ಡೈ ಬಂದಿಲ್ಲವೆಂದಲ್ಲ. ಆದರೆ ಬಂದವು ಬಹುತೇಕ ಚಿತ್ರದ ನಡುಭಾಗಕ್ಕೆ ಸೀಮಿತವಾದ ಸಣ್ಣ ಇಮ್ಮಡಿಗಳು. 2009ರ ಸೆಂಟ್‌ನ ಹಿಂಬದಿಯಲ್ಲಿ, ದಿಮ್ಮಿಯ ಮೇಲೆ ಕುಳಿತು ಓದುತ್ತಿರುವ ಲಿಂಕನ್‌ಗೆ ಹೆಚ್ಚುವರಿ ಬೆರಳು ಮೂಡಿರುವುದು ಆ ಬಗೆಯದು. ಆದ್ದರಿಂದ 1999ರ ಇಸವಿಯ ಪಕ್ಕದಲ್ಲಿ ಢಾಳಾಗಿ ಕಾಣುವ ನೆರಳನ್ನು ಕಂಡರೆ ನನಗೆ ಮೊದಲು ಬರುವುದು ಅನುಮಾನವೇ.

ಸಂಶಯಾತ್ಮ:

1955ರ ಹೆಸರು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ. ಅದೇ ವರ್ಷದ ಸೆಂಟ್‌ಗಳಲ್ಲಿ ಕೊನೆಯ 5 ಅಂಕಿ ಮಾತ್ರ ತುಸು ಇಮ್ಮಡಿಯಾದಂತೆ ಕಾಣುವ ನಾಣ್ಯಗಳು ಹೇರಳವಾಗಿವೆ. ಸಂಗ್ರಹಕಾರರು ಅದನ್ನು ‘ಬಡವರ ಡಬಲ್ಡ್ ಡೈ’ ಎಂದು ಕರೆಯುತ್ತಾರೆ. ಅಚ್ಚು ಬಳಸಿ ಬಳಸಿ ಸವೆದು ಆದದ್ದು ಅದು. ಅಸಲಿಯ ಬೆಲೆಯ ಹತ್ತಿರಕ್ಕೂ ಹೋಗುವುದಿಲ್ಲ. ಅಂತರ್ಜಾಲದ ಮಾರಾಟ ತಾಣಗಳಲ್ಲಿ ಮಾತ್ರ ಅಸಲಿಯ ಹೆಸರಿನಲ್ಲೇ ಓಡಾಡುತ್ತದೆ.

ಚಿಲ್ಲರೆಸಂಚಿ:

ಅಚ್ಚುಮೊಳೆಯವರೇ, ವಿವರಣೆಗೆ ಧನ್ಯವಾದಗಳು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಹಿಡಿದು ಮತ್ತೆ ನೋಡಿದೆ. ನೆರಳು ನಾಲ್ಕೂ ಅಂಕಿಗಳ ಒಂದೇ ಮಗ್ಗುಲಿಗೆ ಇದೆ. ಅಂಕಿಗಳಷ್ಟು ಎತ್ತರವಿಲ್ಲ, ಮೆಟ್ಟಿಲಿನಂತೆ ಚಪ್ಪಟೆಯಾಗಿದೆ, ಹೊಳೆಯುತ್ತಿದೆ. ಅಂಕಿಗಳು ಮಾಮೂಲಿಗಿಂತ ತೆಳ್ಳಗಾದಂತೆಯೂ ತೋರುತ್ತದೆ.

ಅಚ್ಚುಮೊಳೆ:

ಹಾಗಾದರೆ ಅದು ಮೆಷಿನ್ ಡಬ್ಲಿಂಗ್ ಎಂಬುದರಲ್ಲಿ ಸಂದೇಹ ಉಳಿಯುವುದಿಲ್ಲ. ಹೊಡೆತ ಮುಗಿದು ಅಚ್ಚು ಮೇಲೇಳುವ ಕ್ಷಣದಲ್ಲಿ, ಬಿಗಿ ಸಡಿಲವಾದ ಅಚ್ಚು ಕದಲಿ, ಆಗತಾನೇ ಎದ್ದ ಅಂಕಿಯ ಒಂದು ಬದಿಯನ್ನು ಒತ್ತಿ ಜಾರಿಸುತ್ತದೆ. ಅಂಕಿಯ ಲೋಹವೇ ಸರಿದು ಮೆಟ್ಟಿಲಾಗುವುದರಿಂದ ಅಂಕಿ ಸಣ್ಣಗಾಗುತ್ತದೆ. ನಿಜವಾದ ಡಬಲ್ಡ್ ಡೈನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಅಕ್ಷರ ದಪ್ಪಗಾಗುತ್ತದೆ, ಎರಡು ಪ್ರತಿಗಳೂ ದುಂಡಗೆ ಉಬ್ಬಿರುತ್ತವೆ, ಅಕ್ಷರದ ತುದಿಗಳಲ್ಲಿ ಎರಡೂ ಬೇರ್ಪಡುವ ಕಡೆ ಕವಲಿನಂಥ ಕಚ್ಚು ಕಾಣುತ್ತದೆ. ಮೆಷಿನ್ ಡಬ್ಲಿಂಗ್‌ಗೆ ಹೆಚ್ಚಿನ ಬೆಲೆಯಿಲ್ಲ. ಸಡಿಲ ಅಚ್ಚು ಪ್ರತಿ ಹೊಡೆತಕ್ಕೂ ಬೇರೆ ಬೇರೆಯಾಗಿ ಕದಲುವುದರಿಂದ ಅದನ್ನು ಪಟ್ಟಿಮಾಡುವುದೂ ಸಾಧ್ಯವಿಲ್ಲ.

1982ರ ನಂತರದ ಸೆಂಟ್‌ಗಳಲ್ಲಿ ಇನ್ನೊಂದು ಮೋಸಗಾರ ಲಕ್ಷಣವಿದೆ. ಅವು ಸತುವಿನ ಬಿಲ್ಲೆಗೆ ತೆಳುವಾಗಿ ತಾಮ್ರ ಲೇಪಿಸಿದವು. ಹೊಡೆತಕ್ಕೆ ಲೇಪ ಅಕ್ಷರದ ಬುಡದಲ್ಲಿ ಸೀಳಿದರೆ ಒಳಗಿನ ಸತು ಬೆಳ್ಳಗಿನ ಗೆರೆಯಾಗಿ ಇಣುಕುತ್ತದೆ. ಲೇಪದಡಿ ಗಾಳಿ ಸಿಕ್ಕಿಕೊಂಡರೆ ಗುಳ್ಳೆಗಳೇಳುತ್ತವೆ. ಎರಡನ್ನೂ ಹೊಸಬರು ಇಮ್ಮಡಿಯೆಂದು ತಿಳಿಯುವುದುಂಟು.

ಆ 1999ರ ಸೆಂಟನ್ನು ಹಿಂದಿರುಗಿಸುವ ಮೊದಲು ಹಿಂಬದಿಯಲ್ಲಿ ‘ಅಮೆರಿಕ’ ಎಂಬ ಪದದ ಮೊದಲೆರಡು ಅಕ್ಷರಗಳಾದ ಎ ಮತ್ತು ಎಂ ನಡುವೆ ಅಂತರವಿದೆಯೇ ನೋಡಿ. ಆ ಕಾಲದ ಚಲಾವಣೆಯ ನಾಣ್ಯಗಳಲ್ಲಿ ಅವೆರಡರ ಬುಡ ಹೆಚ್ಚುಕಡಿಮೆ ತಾಗಿರುತ್ತದೆ. ಸಂಗ್ರಹಕ್ಕೆಂದೇ ಅಚ್ಚುಮಾಡುವ ಪ್ರೂಫ್ ನಾಣ್ಯಗಳ ಅಚ್ಚಿನಲ್ಲಿ ಮಾತ್ರ ಅಂತರ ಸ್ಪಷ್ಟವಾಗಿತ್ತು. 1998, 1999 ಮತ್ತು 2000ದಲ್ಲಿ ಆ ವಿನ್ಯಾಸದ ಅಚ್ಚು ಕೆಲವೆಡೆ ಚಲಾವಣೆಯ ನಾಣ್ಯಗಳಿಗೂ ಬಳಕೆಯಾಯಿತು. ಮೂರರಲ್ಲಿ 1999ರದ್ದು ಹೆಚ್ಚು ವಿರಳ.

ಚಿಲ್ಲರೆಸಂಚಿ:

ನೋಡಿದೆ. ಎರಡೂ ಅಕ್ಷರಗಳು ಬುಡದಲ್ಲಿ ತಾಗಿಕೊಂಡಿವೆ. ನಾಣ್ಯವನ್ನು ಚಿಲ್ಲರೆಗೆ ಮರಳಿಸುತ್ತೇನೆ.

ತಕ್ಕಡಿ:

ಲೂಪ್ ಬೇಕೇಬೇಕು, ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ಮೊದಲು ಕೊಳ್ಳಬೇಕಾದ್ದು ಗ್ರಾಮಿನ ನೂರನೇ ಭಾಗದವರೆಗೆ ತೋರಿಸುವ ತೂಕದ ಯಂತ್ರ. ಕಣ್ಣಿಗೆ ಬೇಕಾದ್ದು ಕಾಣುವ ಚಾಳಿಯಿದೆ, ತೂಕಕ್ಕೆ ಆ ಚಾಳಿಯಿಲ್ಲ. ಬಿಲ್ಲೆ ತಪ್ಪಿದ ನಾಣ್ಯಗಳನ್ನು, ಅಂದರೆ ಬೇರೆ ಲೋಹದ ಅಥವಾ ಬೇರೆ ಮೌಲ್ಯದ ನಾಣ್ಯಕ್ಕೆಂದಿದ್ದ ಬಿಲ್ಲೆಯ ಮೇಲೆ ಅಚ್ಚಾದವನ್ನು, ಬೇರೆ ಯಾವ ಉಪಕರಣವೂ ಇಷ್ಟು ಸುಲಭವಾಗಿ ಹಿಡಿದುಕೊಡುವುದಿಲ್ಲ.

ಅಮೆರಿಕದ ತಾಮ್ರದ ಸೆಂಟ್ 3.11 ಗ್ರಾಂ, ಸತುವಿನದು 2.5 ಗ್ರಾಂ. ಬದಲಾವಣೆ ಆದದ್ದು 1982ರ ನಡುವೆ, ಆದ್ದರಿಂದ ಆ ವರ್ಷದ ನಾಣ್ಯಗಳು ಎರಡೂ ಲೋಹಗಳಲ್ಲಿವೆ. ಇಸವಿಯ ಅಂಕಿಗಳೂ ದೊಡ್ಡದು, ಸಣ್ಣದು ಎಂದು ಎರಡು ಬಗೆ. ಡೆನ್ವರ್ ಟಂಕಸಾಲೆಯ ‘ಡಿ’ ಗುರುತು, ಸಣ್ಣ ಇಸವಿ, ತಾಮ್ರದ ತೂಕ ಈ ಮೂರೂ ಕೂಡಿದ 1982ರ ಸೆಂಟ್ ಇಲ್ಲವೆಂದೇ ದಶಕಗಳ ಕಾಲ ನಂಬಲಾಗಿತ್ತು. 2016ರಲ್ಲಿ ಮೊದಲನೆಯದು ಪತ್ತೆಯಾಯಿತು. 1983ರ ಇಸವಿಯಿದ್ದು 3.1 ಗ್ರಾಂ ತೂಗುವ ಸೆಂಟ್ ಕೂಡ ಹೀಗೆಯೇ, ಹಳೆಯ ಬಿಲ್ಲೆ ಡಬ್ಬಿಯಲ್ಲಿ ಉಳಿದುಹೋಗಿ ಹುಟ್ಟಿದ್ದು. ಇವುಗಳನ್ನು ಲೂಪಿನಿಂದ ಎಷ್ಟು ಹೊತ್ತು ನೋಡಿದರೂ ಗುರುತಿಸಲಾಗದು.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಜಾಡು ಕಾಣುತ್ತದೆ. ಟಂಕಸಾಲೆಯಲ್ಲಿ ಏನಾದರೂ ಬದಲಾದ ವರ್ಷಗಳೇ ದೋಷಗಳ ಹೆರಿಗೆಮನೆ. ಎರಡನೆಯ ಮಹಾಯುದ್ಧಕ್ಕೆ ತಾಮ್ರ ಬೇಕೆಂದು 1943ರಲ್ಲಿ ಸತು ಲೇಪಿಸಿದ ಉಕ್ಕಿನಿಂದ ಸೆಂಟ್ ಮಾಡಿದರು, ಉಳಿದುಹೋದ ಹಿಂದಿನ ಬಿಲ್ಲೆಗಳಿಂದ 1943ರ ತಾಮ್ರದ ಸೆಂಟ್ ಹುಟ್ಟಿತು. ಮರುವರ್ಷ ಅದೇ ಕಥೆ ತಿರುಗುಮುರುಗಾಗಿ 1944ರ ಉಕ್ಕಿನ ಸೆಂಟ್ ಬಂತು. ಬೆಳ್ಳಿ ಬಿಟ್ಟ 1965ರಲ್ಲಿ ಹಾಗೆಯೇ ಬೆಳ್ಳಿಯ ಬಿಲ್ಲೆಯ ಮೇಲೆ ಅಚ್ಚಾದ ಕಾಲು ಡಾಲರ್‌ಗಳಿವೆ, 5.67 ಗ್ರಾಂ ಇರಬೇಕಾದ್ದು 6.25 ಗ್ರಾಂ ತೂಗುತ್ತದೆ, ಅಂಚಿನಲ್ಲಿ ತಾಮ್ರದ ಪಟ್ಟಿ ಕಾಣುವುದಿಲ್ಲ. ಕೆಲಸದ ಕ್ರಮ ಬದಲಾದಾಗಲೂ ಹೀಗೆಯೇ. ಬ್ರಿಟನ್‌ನಲ್ಲಿ 2008ರಲ್ಲಿ 20 ಪೆನ್ಸ್ ನಾಣ್ಯದ ವಿನ್ಯಾಸ ಹೊಸದಾಗಿ, ಹಿಂಬದಿಯಲ್ಲಿದ್ದ ಇಸವಿಯನ್ನು ಮುಂಬದಿಗೆ ಸಾಗಿಸಿದರು. ಹೊಸ ಹಿಂಬದಿಯ ಅಚ್ಚಿಗೆ ಯಾರೋ ಹಳೆಯ ಮುಂಬದಿಯ ಅಚ್ಚನ್ನು ಜೋಡಿಸಿದ್ದರಿಂದ ಎರಡೂ ಕಡೆ ಇಸವಿಯೇ ಇಲ್ಲದ ನಾಣ್ಯ ಚಲಾವಣೆಗೆ ಬಂತು. ಅವುಗಳ ಸಂಖ್ಯೆ 50 ಸಾವಿರದಿಂದ 2 ಲಕ್ಷದವರೆಗೆ ಇರಬಹುದೆಂದು ಅಂದಾಜಿಸಲಾಯಿತು. ಅಮೆರಿಕದಲ್ಲಿ 2007ರಲ್ಲಿ ಅಧ್ಯಕ್ಷರ ಸರಣಿಯ ಡಾಲರ್ ನಾಣ್ಯ ಬಂದಾಗ ಇಸವಿಯನ್ನೂ ಟಂಕಸಾಲೆಯ ಗುರುತನ್ನೂ ಅಂಚಿನ ಮೇಲೆ ಪ್ರತ್ಯೇಕ ಯಂತ್ರದಿಂದ ಕೊರೆಯುವ ಕ್ರಮ ಶುರುವಾಯಿತು, ಮೊದಲನೆಯದಾದ ವಾಷಿಂಗ್ಟನ್ ಡಾಲರ್‌ನಲ್ಲೇ ಆ ಯಂತ್ರವನ್ನು ತಪ್ಪಿಸಿಕೊಂಡು ನುಣುಪು ಅಂಚಿನೊಂದಿಗೆ ಹೊರಬಿದ್ದವು ಸಾವಿರಾರು. ಆದ್ದರಿಂದ ನಾನು ರೋಲ್ ಬಿಚ್ಚಿದ ಕೂಡಲೇ ವಿಕಾರ ರೂಪಗಳನ್ನು ಹುಡುಕುವುದಿಲ್ಲ, ಇಂಥ ಇಸವಿಗಳನ್ನು ಬೇರ್ಪಡಿಸುತ್ತೇನೆ.

ಸಂಶಯಾತ್ಮ:

ತಕ್ಕಡಿಯವರು ಹೇಳಿದ ಪ್ರತಿಯೊಂದಕ್ಕೂ ಒಂದು ನಕಲಿ ಇದೆಯೆಂಬುದನ್ನು ಮರೆಯಬಾರದು. 1943ರ ಉಕ್ಕಿನ ಸೆಂಟ್‌ಗೆ ತಾಮ್ರ ಬಳಿದು ಮಾರುತ್ತಾರೆ. ಅಯಸ್ಕಾಂತ ಹಿಡಿದರೆ ಅಂಟಿಕೊಂಡು ಗುಟ್ಟು ರಟ್ಟಾಗುತ್ತದೆ. ಅಯಸ್ಕಾಂತಕ್ಕೆ ಸಿಗದ ನಕಲಿಯೂ ಇದೆ: 1948ರ ಸೆಂಟ್‌ನ 8ನ್ನು ಅರೆದು 3 ಮಾಡಿದ್ದು. ಅಸಲಿ 1943ರಲ್ಲಿ 3ರ ಬಾಲ ಕೆಳಗೆ ಉದ್ದವಾಗಿ ಇಳಿದಿರುತ್ತದೆ, 8ನ್ನು ಎಷ್ಟು ಅರೆದರೂ ಆ ಬಾಲ ಬರುವುದಿಲ್ಲ. 1969ರ ಸ್ಯಾನ್ ಫ್ರಾನ್ಸಿಸ್ಕೊ ಡಬಲ್ಡ್ ಡೈ ವಿಷಯದಲ್ಲಂತೂ ತಲೆಕೆಳಗು ನ್ಯಾಯ ನಡೆಯಿತು. ಅದೇ ಇಸವಿಯ ಖೋಟಾ ಡಬಲ್ಡ್ ಡೈ ಸೆಂಟ್‌ಗಳು ಹರಿದಾಡುತ್ತಿದ್ದುದರಿಂದ ಖೋಟಾ ಹಣದ ತನಿಖೆ ನಡೆಸುವ ಅಮೆರಿಕದ ಸೀಕ್ರೆಟ್ ಸರ್ವಿಸ್‌ನವರು ಆರಂಭದಲ್ಲಿ ಅಸಲಿಯನ್ನೂ ಮುಟ್ಟುಗೋಲು ಹಾಕಿಕೊಂಡಿದ್ದರು.

ನಕಲಿಯೂ ಅಲ್ಲದ, ದೋಷವೂ ಅಲ್ಲದ ಇನ್ನೊಂದು ವರ್ಗವಿದೆ. ಬ್ರಿಟನ್‌ನ 2 ಪೆನ್ಸ್ ನಾಣ್ಯದ ಮೇಲೆ ‘ನ್ಯೂ ಪೆನ್ಸ್’ ಎಂಬ ಬರಹವಿದ್ದರೆ ಅಪರೂಪ ಎಂದು ಹೇಳಿ ಮಾರುವವರು 1983 ಎಂಬ ಇಸವಿಯನ್ನು ನುಂಗಿಬಿಡುತ್ತಾರೆ. 1971ರಿಂದ 1981ರವರೆಗೆ ಎಲ್ಲ 2 ಪೆನ್ಸ್ ನಾಣ್ಯಗಳ ಮೇಲೂ ಇದ್ದದ್ದು ಅದೇ ಬರಹ. ‘ಟು ಪೆನ್ಸ್’ ಎಂದು ಬದಲಾದ ಮೇಲೂ ಹಳೆಯ ಅಚ್ಚಿನಿಂದ ಬಂದ 1983ರವು ಮಾತ್ರ ದೋಷದವು, ಅವೂ ಸಂಗ್ರಹಕಾರರಿಗೆಂದು ಸಿದ್ಧಪಡಿಸಿದ ಸೆಟ್‌ಗಳಲ್ಲಿದ್ದವು. ಅಧ್ಯಕ್ಷರ ಡಾಲರ್‌ನಲ್ಲೂ ಅಂಚಿನ ಬರಹ ತಲೆಕೆಳಗಾಗಿದೆ ಎಂದು ಬೆಲೆ ಏರಿಸುತ್ತಾರೆ. ಅಂಚಿನ ಯಂತ್ರಕ್ಕೆ ನಾಣ್ಯ ಯಾವ ಮುಖ ಮೇಲಾಗಿ ಹೋಗುತ್ತದೆಂಬ ನಿಯಮವೇ ಇರಲಿಲ್ಲ, ಎರಡೂ ಬಗೆಯವು ಸಮಸಮ ಸಿಗುತ್ತವೆ.

ರೋಲುಗಾರ:

ಹುಡುಕುವ ಕೆಲಸದ ಬಗ್ಗೆ ಇದುವರೆಗೆ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಸೆಂಟ್ ಮತ್ತು 10 ಸೆಂಟ್ ರೋಲ್‌ಗಳಲ್ಲಿ 50, 5 ಸೆಂಟ್ ಮತ್ತು ಕಾಲು ಡಾಲರ್ ರೋಲ್‌ಗಳಲ್ಲಿ 40, ಅರ್ಧ ಡಾಲರ್ ರೋಲ್‌ನಲ್ಲಿ 20 ನಾಣ್ಯಗಳಿರುತ್ತವೆ. ಸೆಂಟ್‌ಗಳ ಒಂದು ಪೆಟ್ಟಿಗೆಯೆಂದರೆ 50 ರೋಲ್, ಅಂದರೆ 2,500 ನಾಣ್ಯಗಳು, ಹಾಕಬೇಕಾದ ಹಣ 25 ಡಾಲರ್ ಮಾತ್ರ. ಆ ಹಣವೂ ನಾಣ್ಯ ಮರಳಿಸಿದಾಗ ಹಿಂದೆ ಬರುತ್ತದೆ. ಖರ್ಚಾಗುವುದು ಸಮಯ ಮತ್ತು ಕಣ್ಣು.

ರೋಲ್ ಎಲ್ಲಿಂದ ಬಂತು ಎಂಬುದು ಮುಖ್ಯ. ಗ್ರಾಹಕರು ಕೈಯಿಂದ ಸುತ್ತಿ ಬ್ಯಾಂಕಿಗೆ ಕೊಟ್ಟ ರೋಲ್‌ಗಳಲ್ಲಿ ಯಾರದೋ ಹುಂಡಿ ಒಡೆದು ಬಂದ ಹಳೆಯ ನಾಣ್ಯಗಳು ಸಿಗುವ ಸಂಭವ ಹೆಚ್ಚು. ಟಂಕಸಾಲೆಯಿಂದ ಹೊಸದಾಗಿ ಬಂದ ರೋಲ್‌ಗಳ ಸ್ವಭಾವವೇ ಬೇರೆ. ಅವುಗಳಲ್ಲಿ ಒಂದೇ ಅಚ್ಚಿನ ನಾಣ್ಯಗಳು ಗುಂಪಾಗಿ ಇರುವುದರಿಂದ, ಅಚ್ಚು ಬಿರುಕುಬಿಟ್ಟ ಒಂದು ನಾಣ್ಯ ಕಂಡರೆ ಅದರ ಅಕ್ಕಪಕ್ಕದವುಗಳನ್ನು ಬಿಡಬಾರದು. ಬಿರುಕು ಕೂದಲಿನಷ್ಟಿದ್ದದ್ದು ಬೆಳೆದು ಅಂಚಿನವರೆಗೆ ಹೋಗಿ, ಕೊನೆಗೆ ಅಚ್ಚಿನ ಆ ತುಂಡೇ ಉದುರಿ ನಾಣ್ಯದ ಮೇಲೆ ಚಿತ್ರವಿಲ್ಲದ ಉಬ್ಬು ಉಳಿಯುವವರೆಗಿನ ಎಲ್ಲ ಹಂತಗಳನ್ನೂ ಜೋಡಿಸಿದರೆ ಅದೊಂದು ಸಂಗ್ರಹವೇ ಆಗುತ್ತದೆ. ಕೊನೆಯ ಹಂತಕ್ಕೆ ಕಡ್ ಎನ್ನುತ್ತಾರೆ. ನನಗಂತೂ ಈ ಜೋಡಣೆಯಷ್ಟು ಖುಷಿ ಕೊಡುವ ಕೆಲಸ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ, ಬೆಲೆ ಬರಲಿ ಬಾರದಿರಲಿ.

ನೋಡಿ ಮುಗಿಸಿದ ನಾಣ್ಯಗಳನ್ನು ತಂದ ಬ್ಯಾಂಕಿಗೇ ಹಾಕಬೇಡಿ. ಮುಂದಿನ ವಾರ ಅವೇ ನಿಮ್ಮ ಕೈಗೆ ಬಂದಾವು.

ಚಿಲ್ಲರೆಸಂಚಿ:

ಬಿರುಕಿಗೂ ಗೀರಿಗೂ ವ್ಯತ್ಯಾಸ ಹೇಗೆ ತಿಳಿಯುತ್ತದೆ? ನನ್ನ ರೋಲ್‌ಗಳ ತುದಿಯಲ್ಲಿದ್ದ ಕೆಲವು ನಾಣ್ಯಗಳ ಮೇಲೆ ಅಂಚಿಗೆ ಸಮಾನಾಂತರವಾಗಿ ವೃತ್ತಾಕಾರದ ಗೆರೆಗಳಿವೆ. ಇನ್ನೊಂದು ನಾಣ್ಯದ ಅಂಚು ದಪ್ಪಗಾಗಿ ಒಳಕ್ಕೆ ಬಾಗಿದೆ. ಮತ್ತೊಂದರ ಒಂದು ಬದಿ ಬಿಲ್ಲಿನಾಕಾರದಲ್ಲಿ ಕತ್ತರಿಸಿಹೋಗಿದೆ.

ಅಚ್ಚುಮೊಳೆ:

ಅಚ್ಚಿನಲ್ಲಿ ತಗ್ಗಾಗಿರುವುದೆಲ್ಲ ನಾಣ್ಯದ ಮೇಲೆ ಉಬ್ಬಾಗಿ ಬರುತ್ತದೆ. ಆದ್ದರಿಂದ ಅಚ್ಚಿನ ಬಿರುಕು ನಾಣ್ಯದ ಮೇಲೆ ಉಬ್ಬಿದ ಗೆರೆ. ಹೊರಗೆ ಬಿದ್ದ ಗೀರು ತಗ್ಗಿದ ಗೆರೆ. ಬೆಳಕನ್ನು ಒಂದೇ ಬದಿಯಿಂದ ಓರೆಯಾಗಿ ಬಿಟ್ಟು ನಾಣ್ಯವನ್ನು ತಿರುಗಿಸಿದರೆ ನೆರಳೇ ಹೇಳುತ್ತದೆ. ನಿಮ್ಮ ವೃತ್ತಾಕಾರದ ಗೆರೆಗಳು ರೋಲಿನ ತುದಿಯ ಕಾಗದವನ್ನು ಮಡಚುವ ಯಂತ್ರ ಉಜ್ಜಿ ಆದವು, ತುದಿಯ ನಾಣ್ಯಗಳಲ್ಲೇ ಇರುವುದೂ ಅದಕ್ಕೇ. ಅಂಚು ದಪ್ಪಗಾದದ್ದು ಬಟ್ಟೆ ಒಣಗಿಸುವ ಯಂತ್ರದ ಡ್ರಮ್ಮಿನ ಸಂದಿನಲ್ಲಿ ಸಿಕ್ಕಿಕೊಂಡು ಬಹುಕಾಲ ಉರುಳಾಡಿದ ನಾಣ್ಯವಾಗಿರಬಹುದು. ಅಂಚಿನ ಬಳಿಯ ಅಕ್ಷರಗಳು ಮಾಸಿವೆಯೇ ನೋಡಿ.

ಮೂರನೆಯದು ಕುತೂಹಲದ್ದು. ಲೋಹದ ಹಾಳೆಯಿಂದ ಬಿಲ್ಲೆ ಕತ್ತರಿಸುವಾಗ, ಹಾಳೆ ಸಾಕಷ್ಟು ಮುಂದಕ್ಕೆ ಸರಿಯದೆ ಹಿಂದಿನ ಬಿಲ್ಲೆ ತೆಗೆದ ರಂಧ್ರದ ಮೇಲೆಯೇ ಮತ್ತೆ ಕತ್ತರಿ ಬಿದ್ದರೆ ಬಿಲ್ಲಿನಾಕಾರದ ಕೊರತೆ ಉಂಟಾಗುತ್ತದೆ. ಇದನ್ನು ಕ್ಲಿಪ್ ಎನ್ನುತ್ತಾರೆ. ಕೊರತೆಯ ನೇರ ಎದುರಿನ ಅಂಚನ್ನು ನೋಡಿ. ಬಿಲ್ಲೆಯ ಅಂಚನ್ನು ಉಬ್ಬಿಸುವ ಯಂತ್ರದಲ್ಲಿ ಒಂದು ಬದಿಗೆ ಲೋಹವೇ ಇಲ್ಲದಿದ್ದರೆ ಎದುರು ಬದಿಗೂ ಒತ್ತಡ ಸಿಗದು, ಹಾಗಾಗಿ ಅಲ್ಲಿ ಅಂಚು ಮಂಕಾಗಿರುತ್ತದೆ ಅಥವಾ ಇರುವುದೇ ಇಲ್ಲ. ಇದಕ್ಕೆ ಬ್ಲೇಕ್ಸ್‌ಲೀ ಪರಿಣಾಮ ಎಂದು ಹೆಸರು. ಎದುರಿನ ಅಂಚು ಗಟ್ಟಿಯಾಗಿ, ಪೂರ್ತಿಯಾಗಿ ಇದ್ದರೆ ಯಾರೋ ಆಮೇಲೆ ಕತ್ತರಿಸಿರುವ ಸಾಧ್ಯತೆಯೇ ಹೆಚ್ಚು. ಕ್ಲಿಪ್ಪಿನ ಸಮೀಪದ ಅಕ್ಷರಗಳು ಅಂಚಿನ ಕಡೆಗೆ ಎಳೆದಂತೆ ಹರಡಿಕೊಂಡಿದ್ದರೆ ಅದೂ ಅಸಲಿಯ ಪರ ಸಾಕ್ಷಿ.

ಚಿಲ್ಲರೆಸಂಚಿ:

ಎದುರಿನ ಅಂಚು ನಿಜಕ್ಕೂ ಮಂಕಾಗಿದೆ. ತೂಕ 2.38 ಗ್ರಾಂ ಬಂತು. ಕ್ಲಿಪ್ಪಿನ ಬಳಿಯ ಎರಡು ಅಕ್ಷರಗಳು ಉದ್ದಕ್ಕೆ ಎಳೆದಂತಿವೆ. ಇದನ್ನು ಪಿಸಿಜಿಎಸ್ ಅಥವಾ ಎನ್‌ಜಿಸಿಯಂಥ ನಾಣ್ಯ ಪರೀಕ್ಷಕ ಸಂಸ್ಥೆಗೆ ಕಳುಹಿಸಿ ಪ್ರಮಾಣೀಕರಿಸಬೇಕೇ?

ತಕ್ಕಡಿ:

ತೂಕ ಹೊಂದುತ್ತದೆ, ಲೋಹ ಕಡಿಮೆಯಾದಷ್ಟು ಇಳಿದಿದೆ. ಅಸಲಿ ಕ್ಲಿಪ್ ಎಂದೇ ನನ್ನ ಅಭಿಪ್ರಾಯ, ಅಭಿನಂದನೆಗಳು.

ಸಂಶಯಾತ್ಮ:

ಅಸಲಿಯೇ ಇರಲಿ, ಕಳುಹಿಸಬೇಡಿ. ಸಣ್ಣ ಕ್ಲಿಪ್ಪಿನ ಸತುವಿನ ಸೆಂಟ್ ಅಷ್ಟೇನೂ ವಿರಳವಲ್ಲ, ಪ್ರಮಾಣೀಕರಣದ ಶುಲ್ಕ ಮತ್ತು ಅಂಚೆಯ ವೆಚ್ಚ ನಾಣ್ಯದ ಬೆಲೆಯನ್ನು ಮೀರುತ್ತದೆ. ಬೆಲೆ ತಿಳಿಯಬೇಕಾದರೆ ಮಾರುವವರು ಕೇಳಿದ ದರವನ್ನು ನೋಡದೆ, ಈಗಾಗಲೇ ಮಾರಾಟವಾದವುಗಳ ದರವನ್ನು ನೋಡಿ. ಯಾರು ಬೇಕಾದರೂ ಎಷ್ಟು ಬೇಕಾದರೂ ಕೇಳಬಹುದು.

ರೋಲುಗಾರ:

ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರೆ. ಮಾರುವ ಉದ್ದೇಶವಿಲ್ಲದಿದ್ದರೂ, ಮೊದಲ ಅಸಲಿ ನಾಣ್ಯವನ್ನು ಪರಿಣತರ ಕೈಯಲ್ಲಿ ನೋಡಿಸಿದರೆ ಮುಂದಿನವುಗಳನ್ನು ಹೋಲಿಸಲು ಒಂದು ಅಳತೆಗೋಲು ಸಿಕ್ಕಂತಾಗುತ್ತದೆ. ಆದರೆ ಅದಕ್ಕೆ ಶುಲ್ಕ ತೆತ್ತು ಡಬ್ಬಿಯಲ್ಲಿ ಮುದ್ರೆ ಹಾಕಿಸಬೇಕಾಗಿಲ್ಲ. ದೋಷದ ನಾಣ್ಯಗಳ ಸಂಗ್ರಹಕಾರರ ಸಂಘಗಳಲ್ಲಿ ನುರಿತವರಿಗೆ ತೋರಿಸಿದರೂ ಸಾಕು. ಪ್ರಮಾಣೀಕರಣ ನಿಜಕ್ಕೂ ಬೇಕಾಗುವುದು ನಕಲಿಗಳು ಹೆಚ್ಚಿರುವ ದುಬಾರಿ ನಾಣ್ಯಗಳಿಗೆ. ಉದಾಹರಣೆಗೆ 2000ದಲ್ಲಿ ಪತ್ತೆಯಾದ, ಒಂದು ಬದಿಗೆ ಕಾಲು ಡಾಲರಿನ ವಾಷಿಂಗ್ಟನ್, ಇನ್ನೊಂದು ಬದಿಗೆ ಸಕಗವಿಯಾ ಡಾಲರಿನ ಹದ್ದು ಇರುವ ಮ್ಯೂಲ್, ಅಂದರೆ ಜೊತೆಗೂಡಬಾರದ ಎರಡು ಅಚ್ಚುಗಳ ನಡುವೆ ಹುಟ್ಟಿದ ನಾಣ್ಯ. ಅಂಥದ್ದು ರೋಲಿನಲ್ಲಿ ಸಿಕ್ಕರೆ ಯಾರ ಸಲಹೆಗೂ ಕಾಯದೆ ಕಳುಹಿಸಿ.

ಅಚ್ಚುಮೊಳೆ:

ಮ್ಯೂಲ್ ಎಂದ ಕೂಡಲೇ ಎರಡು ಕಡೆಯೂ ತಲೆಯಿರುವ ನಾಣ್ಯದ ಪ್ರಶ್ನೆ ಬಂದೇ ಬರುತ್ತದೆ, ಈಗಲೇ ಉತ್ತರಿಸಿಬಿಡುತ್ತೇನೆ. ಅವು ಬಹುತೇಕ ಎಲ್ಲವೂ ಜಾದೂಗಾರರಿಗೆಂದು ಮಾಡಿದವು. ಒಂದು ನಾಣ್ಯವನ್ನು ಬಟ್ಟಲಿನಂತೆ ಕೊರೆದು, ಇನ್ನೊಂದರ ಮುಖವನ್ನು ಅದರೊಳಗೆ ಕೂರಿಸಿರುತ್ತಾರೆ. ಅಂಚಿನ ಒಳಮಗ್ಗುಲಲ್ಲಿ ಲೂಪ್ ಹಿಡಿದರೆ ಸುತ್ತಲೂ ಕೂಡುಗೆರೆ ಸಿಗುತ್ತದೆ, ಬಡಿದರೆ ಸದ್ದು ಬೊದ್ದಾಗಿರುತ್ತದೆ.

ಚಿಲ್ಲರೆಸಂಚಿಯವರೇ, ನಿಮ್ಮ ಕ್ಲಿಪ್ ನಾಣ್ಯವನ್ನು ತೊಳೆಯುವುದು, ಉಜ್ಜುವುದು ಬೇಡ. ಹೊಳಪು ತರಲು ಹೋದರೆ ಮೇಲ್ಮೈ ಹಾಳಾಗಿ ದೋಷದ ಬೆಲೆಯೂ ಹೋಗುತ್ತದೆ. ಅಂಚನ್ನು ಹಿಡಿದೇ ಎತ್ತಿ. ಮೆತ್ತನೆಯ ಪಿವಿಸಿ ಚೀಲಗಳಲ್ಲಿ ಇಡಬೇಡಿ, ಅವುಗಳಿಂದ ಒಸರುವ ರಾಸಾಯನಿಕ ತಾಮ್ರದ ಮೇಲೆ ಹಸಿರು ಜಿಗುಟು ಕಟ್ಟಿಸುತ್ತದೆ. ಕಾಗದದ ಚೌಕಟ್ಟಿಗೆ ಮೈಲಾರ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿದ ಫ್ಲಿಪ್ ಸಾಕು. ಸ್ಟೇಪಲ್ ಪಿನ್ನು ಹೊಡೆಯುವಾಗ ನಾಣ್ಯದಿಂದ ದೂರವಿರಲಿ, ಇಸವಿ ಮತ್ತು ತೂಕವನ್ನು ಫ್ಲಿಪ್‌ನ ಮೇಲೆ ನಾಣ್ಯ ಹಾಕುವುದಕ್ಕಿಂತ ಮೊದಲೇ ಬರೆದುಕೊಳ್ಳಿ.